ಚೊಚ್ಚಲು ಬಾಣಂತನ

ಗಬ್ಬದ ಕಡಸೊಂದು ಕೊಟ್ಟಿಗೆಯಲ್ಲಿದ್ದರೆ ಊರಿಗೆಲ್ಲ ಪಶುವೈದ್ಯ ಬಂದುಬಿಡುತ್ತದೆ. ನಮ್ಮ ಜೆರ್ಸಿ ಮಿಶ್ರತಳಿಯ ಗೌರಿಗೆ 280 ದಿನ ಎಂದು ಆಸ್ಪತ್ರೆಯ ಚೀಟಿ, ಒಂಬತ್ತು ತಿಂಗಳು ಒಂಬತ್ತು ದಿನ ಎಂದು ದೊಡ್ಡಮ್ಮ. ಕೆಚ್ಚಲು ಬಿಗಿದು ಬಾಲದ ಬುಡದ ಎರಡೂ ಪಕ್ಕ ಗುಳಿ ಬಿದ್ದದ್ದೇ ತಡ, ಪಕ್ಕದ ಮನೆ ಮಾವ ದಿನಾ ಎರಡು ಹೊತ್ತು ಬಂದು ಗೌರಿಯ ಹಿಂಬದಿಯನ್ನು ದಿನಪತ್ರಿಕೆಯಂತೆ ಓದಿಕೊಂಡು ಹೋಗತೊಡಗಿದರು.

"ನಮ್ಮ ಮಲೆನಾಡು ಗಿಡ್ಡಕ್ಕೆ ಇದೆಲ್ಲ ಎಲ್ಲಿತ್ತು ಮಾರಾಯ? ಬೆಳಗ್ಗೆ ಬೆಟ್ಟಕ್ಕೆ ಹೋದದ್ದು ಸಂಜೆ ಕರು ಕಟ್ಟಿಕೊಂಡು ಬರ್ತಿತ್ತು" ಎನ್ನುತ್ತಾರೆ ದೊಡ್ಡಮ್ಮ. ಗಿಡ್ಡ ಹಸುವಿಗೆ ಗಿಡ್ಡ ಹೋರಿ, ಅದಕ್ಕೆ ತಕ್ಕ ಕರು. ಈಗ ಸಣ್ಣ ಕಡಸಿಗೂ ದೊಡ್ಡ ತಳಿಯಾದ ಎಚ್‌ಎಫ್‌ನ ಇಂಜೆಕ್ಷನ್ ಮಾಡಿಸಿ ಹಾಲಿನ ಲೆಕ್ಕ ಹಾಕುವವರಿಗೆ ಕರುವಿನ ತಲೆಯ ಗಾತ್ರ ನೆನಪಾಗುವುದು ಹೆರಿಗೆಯ ದಿನವೇ. ಗೌರಿಗೆ ಜೆರ್ಸಿಯನ್ನೇ ಕೊಡಿಸಿದ್ದೆವು. ನನ್ನ ಧೈರ್ಯ ಅಷ್ಟೇ.

ಸಂಜೆಯ ಮೇಲೆ ಮೇವು ಹಾಕಿದರೆ ಹಗಲು ಈಯುವುದು ಹೆಚ್ಚು ಎಂದು ತಿಳಿದವರು ಹೇಳುತ್ತಾರೆ. ಗೌರಿ ಹಾಕಿದ್ದನ್ನೆಲ್ಲ ತಿಂದು, ನಡುರಾತ್ರಿಗೆ ಸರಿಯಾಗಿ ನೋವು ತಿನ್ನತೊಡಗಿದಳು.

ನೀರುಚೀಲ ಕಂಡದ್ದೇ ಮಾವ ಹಗ್ಗ ಹಿಡಿದು ಹಾಜರು. "ಎಳೀಬೇಕು ಕಣೋ!"

ಬ್ಯಾಟರಿ ಬಿಟ್ಟು ನೋಡಿದೆ. ಲೋಳೆಯಲ್ಲಿ ಎರಡು ಮೆತ್ತನೆಯ ಹಳದಿ ಗೊರಸು, ಅವುಗಳ ಮೇಲೆ ಮೂತಿ, ಪಕ್ಕದಲ್ಲಿ ಇಣುಕುವ ನಾಲಿಗೆಯ ತುದಿ. ಅಂದರೆ ಕರು ಸರಿಯಾಗಿಯೇ ಬರುತ್ತಿದೆ. ಗೊರಸಿನ ಅಡಿ ಮೇಲ್ಮುಖವಾಗಿದ್ದರೆ ಹಿಂಗಾಲಿರಬಹುದು, ಆಗ ತಡಮಾಡದೆ ಪಶು ಸಹಾಯವಾಣಿ 1962ಕ್ಕೆ ಫೋನು ಹಚ್ಚಬೇಕು. ಚೊಚ್ಚಲಿಗೆ ದಾರಿ ಸಡಿಲಾಗಲು ಹೊತ್ತು ಬೇಕು. ಅವಸರಪಟ್ಟು ಎಳೆದರೆ ತಾಯಿಗೂ ಕಷ್ಟ, ಕರುವಿಗೂ ಕಷ್ಟ. ಸುತ್ತ ಜನ ನಿಂತರಂತೂ ದನ ತಿಣುಕುವುದನ್ನೇ ನಿಲ್ಲಿಸಿಬಿಡುತ್ತದೆ. ಹಾಗಾಗಿ ಆ ರಾತ್ರಿ ನಾನು ಮಾಡಿದ ಮುಖ್ಯ ಚಿಕಿತ್ಸೆ, ಮಾವನನ್ನು ಕಾಫಿಗೆ ಕರೆದುಕೊಂಡು ಹೋದದ್ದು.

ಎರಡನೇ ಲೋಟ ಮುಗಿಯುವಷ್ಟರಲ್ಲಿ ಹೆಣ್ಣು ಕರು ನೆಲದ ಮೇಲಿತ್ತು. ತೊಂದರೆ ಶುರುವಾದದ್ದು ಆಮೇಲೆ. ಈ ಒದ್ದೆ ಪ್ರಾಣಿ ಎಲ್ಲಿಂದ ಬಂತೆಂದು ಗೌರಿಗೆ ದಿಗಿಲು. ಬುಸುಗುಟ್ಟಿ ಹಿಂದೆ ಸರಿದಳು. ದೊಡ್ಡಮ್ಮ ಕರುವಿನ ಮೈಮೇಲೆ ಒಂದು ಹಿಡಿ ಬೂಸಾ ಉದುರಿಸಿದರು. ಗೌರಿ ಬೂಸಾದ ಆಸೆಗೆ ನೆಕ್ಕತೊಡಗಿದವಳು, ಬೂಸಾ ಮುಗಿದ ಮೇಲೂ ನಿಲ್ಲಿಸಲಿಲ್ಲ. ಹೊಕ್ಕುಳಿಗೆ ಟಿಂಚರ್ ಹಚ್ಚಿ, ಕರುವಿಗೆ ಗಿಣ್ಣುಹಾಲು ಕುಡಿಸಿ, ಮಾಸು ಬೀಳುವುದನ್ನು ಕಾಯುವಷ್ಟರಲ್ಲಿ ಬೆಳಕು ಹರಿಯಿತು.

ಪಾತ್ರೆ ಹಿಡಿದು ಮೊದಲು ಬಂದವರು ಮಾವ. "ಕರು ಕುಡಿದು ಉಳಿದದ್ದು ಸಾಕು. ರಾತ್ರಿಯಿಡೀ ಇಬ್ಬರೂ ಒದ್ದಾಡಿದೀವಲ್ಲ!"