ನಿಧಾನಕ್ಕೆ ಓಡ್ರಪ್ಪ

ಮ್ಯಾರಥಾನ್ ಸಾ ಹೇಳುವುದೆಲ್ಲ ಸರಿ. ಮುಂದೆ ಓದುತ್ತಾ ಅನುಮಾನ ಬಂದೀತೆಂದು ಇದನ್ನು ಮೊದಲೇ ಹೇಳಿಬಿಡುತ್ತೇನೆ. ವಾರದ ಕಿಲೋಮೀಟರನ್ನು ಏಕಾಏಕಿ ಏರಿಸಬೇಡಿ ಎನ್ನುತ್ತಾರೆ, ಸರಿ. ರೇಸಿನ ದಿನ ಹೊಸ ಶೂ ಹಾಕಬೇಡಿ ಎನ್ನುತ್ತಾರೆ, ಅದೂ ಸರಿ. ಹತ್ತು ಓಟದಲ್ಲಿ ಎಂಟನ್ನಾದರೂ ಪಕ್ಕದವರ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನಕ್ಕೆ ಓಡ್ರಪ್ಪ ಎನ್ನುತ್ತಾರೆ. ಒಳ್ಳೊಳ್ಳೆ ಕೋಚ್‌ಗಳು ಹೇಳುವುದೂ ಇದನ್ನೇ. ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣಕ್ಕೆ ಬೆಳಗಿನ ಐದೂವರೆಗೆ ಕಾಲಿಟ್ಟರೆ ಸಾಕು, ಕೇಳದೆಯೇ ಇಷ್ಟೂ ನಿಮ್ಮ ಕಿವಿಗೆ ಬೀಳುತ್ತದೆ.

ಇಂಥವರು ಈಗ ತಾಲ್ಲೂಕಿಗೊಬ್ಬರಾದರೂ ಇದ್ದಾರೆ. ಮಳವಳ್ಳಿಯವರು ಏರಿಳಿತದ ರಸ್ತೆಯಲ್ಲಿ ಪಳಗಿದವರು. ಶಿವನಸಮುದ್ರದ ಕಡೆಯ ಇಳಿಜಾರು ಕಾಣದ ಮಂಡಿಯನ್ನು ಮಂಡಿಯೆಂದೇ ಲೆಕ್ಕಕ್ಕೆ ಇಡುವುದಿಲ್ಲ. ಮದ್ದೂರಿನವರು ಪಾಪ, ರೈಲ್ವೆ ಸ್ಟೇಷನ್ ಕಡೆ ತಲೆ ಹಾಕುವುದಿಲ್ಲ. ವಡೆಯ ವಾಸನೆ ಮೂಗಿಗೆ ಬಡಿದರೆ ಲಾಂಗ್ ರನ್ ಅಲ್ಲಿಗೇ ಮುಕ್ತಾಯ. ನನಗೆ ಚೆನ್ನಾಗಿ ಗೊತ್ತಿರುವ ಮ್ಯಾರಥಾನ್ ಸಾ ಮಂಡ್ಯದವರು. ಐವತ್ತರ ಹತ್ತಿರದ ವಯಸ್ಸು, ಮಣಿಕಟ್ಟಿಗಿಂತ ಅಗಲವಾದ ಗಾರ್ಮಿನ್ ವಾಚು, ಗೃಹಪ್ರವೇಶಕ್ಕೂ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದ ಟೀಶರ್ಟು. ಊಟ ಆಯ್ತಾ ಎಂದು ಕೇಳುವ ಜಾಗದಲ್ಲಿ ಇವರು ಕೇಳುವುದು, ‘ವಾರಕ್ಕೆಷ್ಟು ಬೀಳ್ತಿದೆ?’

ಇವರ ತಲೆಯಲ್ಲಿರುವ ಜಿಲ್ಲೆಯ ನಕ್ಷೆಯೇ ಬೇರೆ. ಮಂಡ್ಯದಿಂದ ಮದ್ದೂರಿಗೆ ಹಳೇ ಹೆದ್ದಾರಿಯಲ್ಲಿ ಹೆಚ್ಚು ಕಡಿಮೆ ಒಂದು ಹಾಫ್ ಮ್ಯಾರಥಾನ್. ಅಲ್ಲಿಂದ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿಗೆ ಇನ್ನೊಂದು ಹಾಫ್, ಮೇಲೊಂದಿಷ್ಟು ಕೊಸರು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತಿದ್ದ ಜಾಗದ ಮುಂದೆ ಮುಗಿಸಿದ್ದಕ್ಕೆ ಮ್ಯಾರಥಾನ್ 42.195 ಕಿಲೋಮೀಟರ್ ಆಯಿತಂತೆ. ‘ಇಲ್ಲಿ ಅಳೆದಿದ್ರೂ ಅಷ್ಟೇ ಬರೋದು, ನಮ್ಮನ್ನ ಯಾರು ಕೇಳ್ತಾರೆ’ ಎಂಬುದು ಇವರ ಕೊರಗು. ಓಡುವವನ ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಖಾಲಿಯಾಗಿ, ಎದುರಿಗೆ ಗೋಡೆ ಬಂದಂತೆ ಕಾಲು ನಿಂತುಹೋಗುತ್ತದೆ. ಈ ದಾರಿಯಲ್ಲಿ ಆ ಗೋಡೆ ಎದ್ದೇಳುವುದು ಸರಿಯಾಗಿ ಕೆ.ಎಂ. ದೊಡ್ಡಿಯಲ್ಲಿ. ಅಲ್ಲಿರುವುದು ಸಕ್ಕರೆ ಕಾರ್ಖಾನೆ! ಮೈಯ ಸಕ್ಕರೆ ತೀರುವ ಹೊತ್ತಿಗೆ ಲೋಡುಗಟ್ಟಲೆ ಕಬ್ಬು ಕಣ್ಮುಂದೆ ಹಾದುಹೋಗುವ ಮ್ಯಾರಥಾನ್ ದಾರಿ ಜಗತ್ತಿನಲ್ಲಿ ಎಷ್ಟಿದ್ದಾವು? ಒಮ್ಮೆ ಟ್ರ್ಯಾಕ್ಟರಿನ ಮೇಲಿದ್ದ ಹುಡುಗನೊಬ್ಬ ಕರುಣೆಯಿಂದ ಒಂದು ಜಲ್ಲೆ ಎಳೆದುಕೊಟ್ಟ. ಮ್ಯಾರಥಾನ್ ಸಾ ಬೇಡವೆಂದು ಕೈಯಾಡಿಸಿದರು. ಟ್ರೈನಿಂಗಿನಲ್ಲಿ ಪರೀಕ್ಷೆ ಮಾಡದ್ದನ್ನು ಓಟದ ನಡುವೆ ತಿನ್ನಬಾರದು. ಬೆಂಗಳೂರಿನಿಂದ ತರಿಸಿದ ಜೆಲ್ ಪ್ಯಾಕೆಟ್ಟನ್ನು ಹಲ್ಲಿನಲ್ಲಿ ಕಚ್ಚಿ, ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತು, ಅಷ್ಟಷ್ಟೇ ಹೀರಿದರು.

ಗುಟ್ಟೊಂದಿದೆ. ನಿಧಾನಕ್ಕೆ ಓಡಿ ಎಂದು ಊರಿಗೆಲ್ಲ ಹೇಳುವ ಈ ಮನುಷ್ಯನಿಗೆ ನಿಧಾನಕ್ಕೆ ಓಡಲು ಬರುವುದಿಲ್ಲ. ಬರುವುದಿಲ್ಲ ಎನ್ನುವುದಕ್ಕಿಂತ ಊರು ಬಿಡುವುದಿಲ್ಲ ಎನ್ನಬೇಕು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಆಮೆಯ ಹಾಗೆ ಓಡಿದರೂ ಯಾರೂ ತಿರುಗಿ ನೋಡರು. ಇಲ್ಲಿ ವಿ.ಸಿ. ನಾಲೆಯ ಏರಿ ಮೇಲೆ ಒಸಿ ವೇಗ ತಗ್ಗಿಸಿದರೆ ಟೀ ಅಂಗಡಿಯಿಂದಲೇ ವಿಚಾರಣೆ ಶುರು: ‘ಯಾಕ್ ಸಾ, ಸುಸ್ತಾಯ್ತಾ?’ ಅಷ್ಟರಲ್ಲಿ ಹಿಂದಿನಿಂದ ಹುಲ್ಲಿನ ಹೊರೆ ಹೊತ್ತ ಟಿವಿಎಸ್ ಎಕ್ಸೆಲ್ ಬಂದು ಪಕ್ಕದಲ್ಲೇ ಅದೇ ವೇಗಕ್ಕೆ ಜೊತೆಯಾಗುತ್ತದೆ.

‘ಸಾ, ಎಲ್ಲಿಗಂಟ?’

‘ಸುಮ್ನೆ.’

‘ಸುಮ್ನೆ ಅಂದ್ರೆ? ಮನೇಲೇನಾರ ಆಯ್ತಾ?’

‘ಇಲ್ಲ... ಎಕ್ಸರ್...’

‘ಉಸ್ರು ಬುಡಿ ಸಾ ಮೊದ್ಲು. ಇಂದ್ಕೆ ಕುಂತ್ಕಳಿ, ಬುಟ್ಟೋಯ್ತೀನಿ.’

ಮಾತಾಡಲು ಆಗುವಷ್ಟು ನಿಧಾನ ಎಂಬ ಪರೀಕ್ಷೆಯನ್ನು ಟಿವಿಎಸ್‌ನವನು ಪುಕ್ಕಟೆ ನಡೆಸಿಕೊಟ್ಟಿದ್ದಾನೆ, ಇವರು ಫೇಲಾಗಿದ್ದಾರೆ. ಆದರೆ ಒಪ್ಪುವುದುಂಟೆ? ಓಟದ ಹೆಸರು ಬದಲಾಗುತ್ತದೆ, ಅಷ್ಟೆ. ಹೊರಡುವಾಗ ಅದು ಈಜಿ ರನ್. ಯಾರಾದರೂ ಹಿಂದೆ ಹಾಕಿ ಇವರು ಬೆನ್ನು ಹತ್ತಿದರೆ ಟೆಂಪೋ. ಆ ಮೇಲೆ ದಮ್ಮು ಕಟ್ಟಿ ನಿಂತರೆ ಇಂಟರ್ವಲ್. ನಾಲೆ ಏರಿ ಮೇಲೆ ಕೂತೇಬಿಟ್ಟರೆ ರಿಕವರಿ. ಒಂದೇ ಬೆಳಿಗ್ಗೆ, ನಾಲ್ಕು ಬಗೆಯ ತರಬೇತಿ.

ಸಂಜೆ ಸ್ಟ್ರಾವಾ ಆ್ಯಪಿನಲ್ಲಿ ಹಾಕುವ ಲೆಕ್ಕವೂ ಇದೆಯಲ್ಲ. ವಾಚು 9.94 ತೋರಿಸುತ್ತಿದ್ದರೆ ಮನೆಯ ಬಾಗಿಲು ತಟ್ಟುವವರಲ್ಲ. ಗೇಟಿನ ಮುಂದೆ ಗಿರಗಿರ ಸುತ್ತುತ್ತಾರೆ. ಹೆಂಡತಿ ಕಸ ಗುಡಿಸಿ, ನೀರು ಹಾಕಿ, ರಂಗೋಲಿ ಬಿಟ್ಟು ಎದ್ದಿರುತ್ತಾರೆ. ‘ರಂಗೋಲಿ ತುಳಿದ್ರೆ ಕಾಫಿ ಇಲ್ಲ’ ಎಂಬ ಎಚ್ಚರಿಕೆಯ ನಡುವೆ, ಚುಕ್ಕಿಗಳನ್ನು ಬಳಸಿಕೊಂಡು ಹತ್ತು ಪೂರ್ತಿಯಾಗುತ್ತದೆ. ಎದುರು ಮನೆಯ ಅಜ್ಜಿ ಇದನ್ನು ಬಹಳ ದಿನ ಹರಕೆ ಎಂದೇ ತಿಳಿದಿದ್ದರು.

ಶೂ ಬೆಲೆ ಕೇಳಬೇಡಿ. ಕಾರ್ಬನ್ ಪ್ಲೇಟಿನದು, ಎರಡು ಮೇಕೆ ಬರುವ ದುಡ್ಡು. 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿ, ನಾಲ್ಕು ದಶಕ ಯಾರೂ ಮುರಿಯದ ರಾಷ್ಟ್ರೀಯ ದಾಖಲೆ ಬರೆದ ಶಿವನಾಥ್ ಸಿಂಗ್ ಬರಿಗಾಲ ಓಟಕ್ಕೇ ಹೆಸರಾದವರು ಎಂದು ಇವರೇ ಹೇಳುತ್ತಾರೆ. ಹೇಳುವಾಗ ಶೂ ಮೇಲಿನ ಧೂಳನ್ನು ಕರ್ಚೀಫಿನಿಂದ ಒರೆಸುತ್ತಿರುತ್ತಾರೆ.

ಊಟದ ಉಪದೇಶ ಮಾತ್ರ ನಮ್ಮ ಕಡೆ ನಡೆಯುವುದಿಲ್ಲ. ರೇಸಿನ ಹಿಂದಿನ ರಾತ್ರಿ ನಾರು ಕಡಿಮೆ ಇರಬೇಕು, ಜಿಡ್ಡು ಕಡಿಮೆ ಇರಬೇಕು, ಬಿಳಿ ಅನ್ನ ತಿನ್ನಿ, ಮುದ್ದೆ ಮುಟ್ಟಬೇಡಿ ಎನ್ನುತ್ತಾರೆ. ಹೊಟ್ಟೆಗೆ ಅದೇ ಒಳ್ಳೆಯದು, ವಾದವಿಲ್ಲ. ಆದರೆ ಮಂಡ್ಯದಲ್ಲಿ ನಿಂತು ಮುದ್ದೆ ಬೇಡ ಎನ್ನಲು ಗುಂಡಿಗೆ ಬೇಕು, ಬೀಗರೂಟದ ಪಂಕ್ತಿಯಲ್ಲಿ ಎನ್ನಲು ಎರಡು ಗುಂಡಿಗೆ ಬೇಕು. ಇವರಿಗೆ ಇರುವುದು ಒಂದೇ, ಅದರ ಬಡಿತವನ್ನೂ ವಾಚು ಎಣಿಸುತ್ತಿರುತ್ತದೆ. ಕಾವೇರಿ ಟ್ರೇಲ್ ಮ್ಯಾರಥಾನಿನ ಹಿಂದಿನ ದಿನ ನೆಂಟರ ಮನೆಯಲ್ಲಿ ಮೊದಲ ಪಂಕ್ತಿಗೇ ಕೂತಿದ್ದನ್ನು ನೋಡಿದವರಿದ್ದಾರೆ. ‘ಕಾರ್ಬೊ ಲೋಡಿಂಗ್’ ಎಂದರಂತೆ. ಬೋಟಿ ಗೊಜ್ಜಿನಲ್ಲಿ ಕಾರ್ಬೊ ಎಷ್ಟಿದೆಯೋ ಕಾಣೆ.

ಆ ಓಟ ನಡೆಯುವುದು ಶ್ರೀರಂಗಪಟ್ಟಣದ ಹತ್ತಿರ, ರಂಗನತಿಟ್ಟಿನ ಪಕ್ಕದ ನಾಲೆ ದಾರಿಯಲ್ಲಿ. ಗೆರೆಯ ಮೇಲೆ ನಿಂತ ಹೊಸಬರಿಗೆಲ್ಲ ಇವರು ಪಾಠ ಹೇಳಿದರು. ಮೊದಲ ಐದು ಕಿಲೋಮೀಟರ್ ಬ್ರೇಕ್ ಹಿಡಿದೇ ಓಡಿ, ಎರಡನೇ ಅರ್ಧವನ್ನು ಮೊದಲನೆಯದಕ್ಕಿಂತ ಬೇಗ ಮುಗಿಸಿ. ಹೊಸಬರು ಭಕ್ತಿಯಿಂದ ಕೇಳಿದರು, ಹಾಗೇ ಓಡಿದರು. ಓಟ ಶುರುವಾದದ್ದೇ ಮುಂದಿನ ಸಾಲಿಗೆ ಹಾರಿದವರು ಇವರೊಬ್ಬರೇ. ಹೊಸಬರು ಅರ್ಧ ಮುಗಿಸಿ ವಾಪಸ್ಸು ಬರುವಾಗ ಮ್ಯಾರಥಾನ್ ಸಾ ಮೀನಖಂಡ ಹಿಡಿದುಕೊಂಡು ಏರಿ ಮೇಲೆ ಕೂತಿದ್ದರು. ಹಾದುಹೋದ ಒಬ್ಬೊಬ್ಬರಿಗೂ ತಿದ್ದುಪಡಿ ಮಾತ್ರ ನಿಂತಿರಲಿಲ್ಲ: ‘ಭುಜ ಸಡಿಲ ಬಿಡಿ! ಪೇಸ್ ಚೆನ್ನಾಗಿದೆ! ಹಿಂಗೇ ಹೋಗಿ!’

ಇವರನ್ನು ಆಡಿಕೊಳ್ಳುವವರು ಕ್ರೀಡಾಂಗಣದ ಪೊಲೀಸ್ ಹುಡುಗರನ್ನು ಒಮ್ಮೆ ಕೇಳಬೇಕು. ಕಾನ್‌ಸ್ಟೆಬಲ್ ಆಗಬೇಕೆಂದರೆ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವ ಈ ಹುಡುಗರಿಗೆ ಮೆಡಲು ಬೇಕಿಲ್ಲ, ಸಂಬಳ ಬೇಕು. ದಿನಾ ಪ್ರಾಣ ಬಿಟ್ಟು ಓಡುತ್ತಾರೆ, ತಿಂಗಳಲ್ಲಿ ಮೊಣಕಾಲಿನ ಕೆಳಗೆ ನೋವು ಹತ್ತಿಸಿಕೊಂಡು ಕೂರುತ್ತಾರೆ. ಹಾಗೆ ಕೂತಿದ್ದ ಮಳವಳ್ಳಿ ಕಡೆಯ ಹುಡುಗನೊಬ್ಬ ಕೇಳಿದ, ‘ಬೇಗ ಓಡಿದ್ರೇ ಆಯ್ತಿಲ್ಲ, ನಿಧಾನಕ್ಕೆ ಓಡಿದ್ರೆ ಎಂಗ್ ಸಾ ಆಯ್ತದೆ?’

ಮ್ಯಾರಥಾನ್ ಸಾ ಅವನ ಪಕ್ಕ ಕೂತು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಕಥೆ ಹೇಳಿದರು. ಲಿಡಿಯಾರ್ಡ್ ಬರೀ 800 ಮೀಟರ್ ಓಡುವ ಪೀಟರ್ ಸ್ನೆಲ್‌ನನ್ನು ವಾರಕ್ಕೊಮ್ಮೆ ಗುಡ್ಡದ ದಾರಿಯಲ್ಲಿ ಮೂವತ್ತೈದು ಕಿಲೋಮೀಟರ್ ಓಡಿಸುತ್ತಿದ್ದ. ಸ್ನೆಲ್ 1960ರಲ್ಲಿ ರೋಮ್‌ನಲ್ಲಿ 800 ಮೀಟರ್ ಚಿನ್ನ ಗೆದ್ದ, 1964ರಲ್ಲಿ ಟೋಕಿಯೋದಲ್ಲಿ 800, 1500 ಎರಡನ್ನೂ ಗೆದ್ದ. ಕಥೆ ಮುಗಿಸಿ ಒಂದು ಚೀಟಿ ಬರೆದುಕೊಟ್ಟರು: ವಾರದಲ್ಲಿ ಎರಡು ದಿನ ಮಾತ್ರ ಜೋರು, ಉಳಿದ ದಿನ ನಿಧಾನ, ಒಂದು ದಿನ ಪೂರ್ತಿ ರಜ. ಅವನು ಚೀಟಿಯನ್ನು ಅಕ್ಷರ ಬಿಡದೆ ಪಾಲಿಸಿದ, ಕೆಲಸ ಹಿಡಿದ.

ಈಗ ಅವನಿಗೆ ಮದ್ದೂರು ರಸ್ತೆಯಲ್ಲಿ ಆಗಾಗ ಡ್ಯೂಟಿ ಬೀಳುತ್ತದೆ. ಮೊನ್ನೆ ಭಾನುವಾರ ಮ್ಯಾರಥಾನ್ ಸಾ ಬಲಗಡೆಯಿಂದ, ಎದುರಿನ ವಾಹನ ಕಾಣುವ ಹಾಗೆ, ನಿಯಮದಂತೆಯೇ ಬರುತ್ತಿದ್ದರು. ಅಷ್ಟರಲ್ಲಿ ಟ್ಯೂಷನ್ನಿಗೆ ಹೊರಟ ಹೈಸ್ಕೂಲ್ ಹುಡುಗಿಯೊಬ್ಬಳು ಸೈಕಲ್ಲಿನಲ್ಲಿ ಇವರನ್ನು ದಾಟಿಕೊಂಡು ಹೋದಳು. ಇವರು ಮುಷ್ಟಿ ಬಿಗಿಹಿಡಿದು ಹಿಂದೆ ಬಿದ್ದರು. ಬ್ಯಾರಿಕೇಡಿನ ಹತ್ತಿರ ನಿಂತಿದ್ದ ಕಾನ್‌ಸ್ಟೆಬಲ್ ಸೀಟಿ ಊದಿ ಕೈ ಅಡ್ಡ ಹಿಡಿದ.

‘ಸಾ, ಭಾನ್ವಾರ ಲಾಂಗ್ ರನ್ ಅಲ್ವಾ? ನಿಧಾನ, ನಿಧಾನ!’

ಮ್ಯಾರಥಾನ್ ಸಾ ನಿಂತರು. ಮೊದಲು ವಾಚನ್ನು ಪಾಝ್ ಮಾಡಿದರು. ಆಮೇಲೆ ಮಂಡಿಯ ಮೇಲೆ ಕೈಯೂರಿ, ಉಸಿರು ಸಿಕ್ಕಿದ ಮೇಲೆ ಹೇಳಿದರು, ‘ಲಾಸ್ಟ್ ಒಂದು ಕಿಲೋಮೀಟರ್ ಸ್ಪೀಡಾಗಿ ಓಡ್ಬೇಕು ಕಣಪ್ಪ. ಫಾಸ್ಟ್ ಫಿನಿಶ್ ಅಂತಾರೆ ಇದನ್ನ.’

‘ಇನ್ನೂ ಮದ್ದೂರೇ ಬಂದಿಲ್ವಲ್ಲ ಸಾ.’