ದ್ವಿತೀಯಭಾಗ ಮೀಮಾಂಸೆ, ಅಥವಾ ಕೊಂಡಪಲ್ಲಿಯ ಬೊಂಬೆಗಳ ಸಮಕ್ಷಮದಲ್ಲಿ ನಡೆದ ವಿಚಾರಣೆ

ಮಕ್ಕಳಿಗೆಂದು ತೆಗೆದ ಅನಿಮೇಷನ್ ಚಿತ್ರದ ಎರಡನೆಯ ಭಾಗವನ್ನು ಕುರಿತು ಪ್ರೇಕ್ಷಕರು ಇಂದಿನವರೆಗೆ ಆಡಿರುವ ಮಾತುಗಳೆಲ್ಲ ಒಂದೇ ಸೂತ್ರದ ಭಾಷ್ಯಗಳು. ಸೂತ್ರ: 'ಮೊದಲನೆಯದೇ ಚೆನ್ನಾಗಿತ್ತು.' ಸೂತ್ರಕಾರನ ಕಾಲ, ದೇಶ, ಗೋತ್ರ ಯಾವುವೂ ತಿಳಿಯವು. ಆದರೆ ಉಚ್ಚಾರದ ವೇಳೆ ಆತನ ಬಾಯಿತುಂಬ ಪಾಪ್‌ಕಾರ್ನ್ ಇತ್ತು ಎಂಬುದಕ್ಕೆ ಆಂತರಿಕ ಸಾಕ್ಷ್ಯವುಂಟು; ಎರಡೇ ಪದಕ್ಕೆ ನಿಲ್ಲಿಸಿದ್ದಾನೆ. ವಿಜಯವಾಡದ ಕಡೆ 'ಫಸ್ಟ್ ಪಾರ್ಟೇ ಬಾಗುಂದಿ' ಎಂಬ ಪಾಠಾಂತರ ಬಳಕೆಯಲ್ಲಿದೆ, ಬೆಂಗಳೂರಿನಲ್ಲಿ 'ಫಸ್ಟ್ ಪಾರ್ಟ್ ಥರ ಇಲ್ಲ' ಎಂಬುದು. ಅರ್ಥದಲ್ಲಿ ಭೇದವಿಲ್ಲ, ಟಿಕೆಟ್ಟಿನ ದರದಲ್ಲಿ ಮಾತ್ರ ಉಂಟು.

ಈ ಜ್ಞಾನ ಹುಟ್ಟುವುದೆಲ್ಲಿಂದ? ಭಾಟ್ಟ ಮೀಮಾಂಸಕರು ಆರು ಪ್ರಮಾಣಗಳನ್ನು ಒಪ್ಪುತ್ತಾರೆ. ಆರೂ ಇಲ್ಲಿ ದುಡಿಯುತ್ತಿವೆ. ಪ್ರತ್ಯಕ್ಷವೆಂದರೆ ಚಿತ್ರ ನೋಡಿ ಹೇಳುವುದು. ಇದು ವಿರಳ. ಮಗುವನ್ನು ಎತ್ತಿಕೊಂಡು ಪದೇ ಪದೇ ಶೌಚಾಲಯಕ್ಕೆ ಓಡುವ ತಂದೆಗೆ ಕಥೆಯ ಸಂಧಿಗಳು ಕಾಣುವುದೇ ಇಲ್ಲ. ಅನುಮಾನವೆಂದರೆ ಟ್ರೇಲರ್ ಎಂಬ ಹೊಗೆಯನ್ನು ಕಂಡು ಚಿತ್ರವೆಂಬ ಬೆಂಕಿಯನ್ನು ಊಹಿಸುವುದು. ಶಬ್ದಪ್ರಮಾಣವೆಂದರೆ ಆಪ್ತವಾಕ್ಯ, ಆಪ್ತನೆಂದರೆ ಆಫೀಸಿನಲ್ಲಿ ಪಕ್ಕದ ಮೇಜಿನವನು, ಅವನೂ ಚಿತ್ರ ನೋಡಿರುವುದಿಲ್ಲ. ಉಪಮಾನದ ಮಾತು ಬೇಡ, ಸೂತ್ರವೇ ಉಪಮಾನ. ಅರ್ಥಾಪತ್ತಿಗೆ ಶಾಸ್ತ್ರದಲ್ಲಿ ದಪ್ಪ ದೇವದತ್ತನ ದೃಷ್ಟಾಂತವಿದೆ: ಹಗಲು ಉಣ್ಣುವುದಿಲ್ಲ, ಆದರೂ ಮೈ ಬರುತ್ತಿದೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಹಾಗೆಯೇ ಕಥೆ ಮೊದಲ ಭಾಗದಲ್ಲೇ ಮುಗಿದಿತ್ತು, ಆದರೂ ಎರಡನೆಯದು ಬಂದಿದೆ, ಆದ್ದರಿಂದ ಇದು ಸ್ಕೂಲ್ ಬ್ಯಾಗು, ಟಿಫನ್ ಡಬ್ಬಿ ಮಾರಲು ಬಂದದ್ದು. ನಿಷ್ಪಕ್ಷಪಾತವಾಗಿ ಹೇಳುವುದಾದರೆ ಆರರಲ್ಲಿ ಸರಿಯಾಗಿ ಕೆಲಸ ಮಾಡುತ್ತಿರುವ ಪ್ರಮಾಣ ಇದೊಂದೇ. ಕೊನೆಯದು ಅನುಪಲಬ್ಧಿ, ಅಂದರೆ ನೋಡದೆ ಇರುವುದು. ಅಭಿಪ್ರಾಯಗಳ ಬಹುಭಾಗ ಇದರ ಮೇಲೆ ನಿಂತಿದೆ.

ವಿಚಾರಣೆಗೆ ಪೀಠ ಬೇಕಲ್ಲ. ನಾವು ಆರಿಸಿಕೊಂಡದ್ದು ಆಂಧ್ರದ ಎನ್‌ಟಿಆರ್ ಜಿಲ್ಲೆಯ ಕೊಂಡಪಲ್ಲಿಯನ್ನು, ವಿಜಯವಾಡದ ಮಗ್ಗುಲಲ್ಲೇ ಇರುವ ಊರು. ಕಾರಣ, ಪರಿಶೀಲನೆಗೆ ತೆಗೆದುಕೊಂಡ ಮೂಲಕೃತಿ 1999ರಲ್ಲಿ ಪಿಕ್ಸಾರ್ ಸಂಸ್ಥೆ ತಂದ 'ಟಾಯ್ ಸ್ಟೋರಿ 2'. ಆಟಿಕೆಗಳ ಕಥೆಗೆ ತೀರ್ಪು ಕೊಡುವ ಹಕ್ಕು ನ್ಯಾಯವಾಗಿ ಆಟಿಕೆಗಳ ಕುಲಕ್ಕೆ ಸೇರಬೇಕು. ನಮ್ಮ ಚನ್ನಪಟ್ಟಣವನ್ನು ಏಕೆ ಬಿಟ್ಟಿರಿ ಎಂಬ ಆಕ್ಷೇಪ ಬರುತ್ತದೆ, ಬರಲಿ. ಚನ್ನಪಟ್ಟಣದ್ದು ಆಲೆಮರವನ್ನು ತಿರುಗಣೆಗೆ ಕೊಟ್ಟು ಅರಗಿನ ಬಣ್ಣ ಹಿಡಿಸುವ ಕೆಲಸ; ವಿಶಾಖಪಟ್ಟಣದ ಕಡೆ ವರಾಹಾ ನದಿಯ ದಡದ ಏಟಿಕೊಪ್ಪಾಕ ಅದಕ್ಕೆ ದಾಯಾದಿ, ಮರವೂ ಅದೇ, ಅರಗೂ ಅದೇ. ಆ ಬೊಂಬೆಗಳ ಮೈ ದುಂಡಗೆ, ನುಣ್ಣಗೆ. ಯಾವ ಪ್ರಶ್ನೆಗೂ ಉರುಳಿಹೋಗುತ್ತವೆ. ಕೊಂಡಪಲ್ಲಿಯವು ಹಾಗಲ್ಲ. ತೆಲ್ಲ ಪೊಣಿಕಿ ಎಂಬ ಹಗುರ ಮರದಲ್ಲಿ ಕೈ ಬೇರೆ, ಕಾಲು ಬೇರೆ, ತಲೆ ಬೇರೆ ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಕೂಡಿಸಿ, ಅಂಟಿಗೆ ಮರದ ಹೊಟ್ಟು ಕಲಸಿ ಸಂದು ಮುಚ್ಚಿ, ಮೇಲೆ ಬಣ್ಣ ಬಳಿಯುತ್ತಾರೆ. ಕೈ ಕಳಚುವ ಭಯವನ್ನು ಹುಟ್ಟಿನಿಂದಲೇ ಬಲ್ಲ ಪ್ರೇಕ್ಷಕರು ಇವರು.

ಈ ಚಿತ್ರದ ಕಥೆ ಆರಂಭವಾಗುವುದೂ ಕೈಯಿಂದಲೇ. ವುಡಿ ಎಂಬ ಕೌಬಾಯ್ ಬೊಂಬೆಯ ತೋಳು ಆಟದಲ್ಲಿ ಹರಿಯುತ್ತದೆ. ಅವನನ್ನು ಕಪಾಟಿನ ಮೇಲೆ ಎತ್ತಿಡುತ್ತಾರೆ. ಆಟಿಕೆ ಅಂಗಡಿಯ ದುರಾಸೆಯ ಮಾಲೀಕನೊಬ್ಬ ಕದ್ದೊಯ್ಯುತ್ತಾನೆ. ಆಗ ತಿಳಿಯುತ್ತದೆ, ವುಡಿ ಹಳೆಯ ಟಿವಿ ಸರಣಿಯೊಂದರ ಬೊಂಬೆ ಸೆಟ್ಟಿನ ಒಬ್ಬ ಸದಸ್ಯ, ಸೆಟ್ಟು ಪೂರ್ತಿಯಾದರೆ ಟೋಕಿಯೋದ ಮ್ಯೂಸಿಯಂಗೆ ಮಾರಾಟ. ಮುದುಕನೊಬ್ಬ ಬಂದು ತೋಳು ಹೊಲಿದು, ಕೆನ್ನೆಗೆ ಬಣ್ಣ ಹಚ್ಚಿ, ಬೂಟಿನಡಿಯಲ್ಲಿ ಮಗು ಬರೆದಿದ್ದ ತನ್ನ ಹೆಸರನ್ನು ಬಣ್ಣದಿಂದ ಮುಚ್ಚುತ್ತಾನೆ. ಸೆಟ್ಟಿನಲ್ಲಿ ಇನ್ನೊಬ್ಬನಿದ್ದಾನೆ, ಯಾವ ಮಗುವೂ ಪೆಟ್ಟಿಗೆಯಿಂದ ಹೊರತೆಗೆಯದ ಗಣಿಗಾರ ಮುದುಕ ಪೀಟ್. ಅವನ ಸಿದ್ಧಾಂತ ಸ್ಪಷ್ಟ: ಮಗು ಬೆಳೆಯುತ್ತದೆ, ಮರೆಯುತ್ತದೆ, ಗಾಜಿನ ಹಿಂದೆ ಹೋಗಿ ನಿಂತರೆ ತಲೆಮಾರುಗಟ್ಟಲೆ ಜನ ನೋಡುತ್ತಾರೆ. ಸ್ಪುಟ್ನಿಕ್ ಹಾರಿದ ಮೇಲೆ ಮಕ್ಕಳಿಗೆ ಬರೀ ಬಾಹ್ಯಾಕಾಶದ ಆಟಿಕೆಗಳೇ ಬೇಕಾದವು ಎಂಬ 1957ರ ಸಿಟ್ಟನ್ನು ಅವನು ಇನ್ನೂ ನುಂಗಿಲ್ಲ.

ಕೊಂಡಪಲ್ಲಿಯ ಪ್ರೇಕ್ಷಕರ ಅಭಿಪ್ರಾಯವನ್ನು ಕ್ರಮವಾಗಿ ದಾಖಲಿಸಬೇಕು. ಅಂಬಾರಿ ಆನೆಯ ಮತದಲ್ಲಿ ಚಿತ್ರದಲ್ಲಿ ಗಾಂಭೀರ್ಯ ಸಾಲದು, ಎಲ್ಲರೂ ಓಡುತ್ತಾರೆ. ಎತ್ತಿನಗಾಡಿಯವನಿಗೆ ವಿಮಾನ ನಿಲ್ದಾಣದ ಕೊನೆಯ ದೃಶ್ಯ ಹಿಡಿಸಿತು. ಸಾಮಾನು ಸಾಗಿಸುವ ಪಟ್ಟಿಯ ಮೇಲೆ ಎತ್ತುಗಳಿಲ್ಲದಿದ್ದುದೊಂದೇ ಕೊರತೆ. ತಾಳೆಮರ ಹತ್ತಿ ಕಳ್ಳು ಇಳಿಸುವವನು ಮರದ ನಡುವಿನಿಂದಲೇ ಉತ್ತರಿಸಿದ: ಅವನ ಪಾಲಿಗೆ ಮೊದಲನೆಯ ಭಾಗವೇ ಇನ್ನೂ ಮುಗಿದಿಲ್ಲ, ಮೇಲೆ ಮುಟ್ಟಿದ ಮೇಲೆ ಎರಡನೆಯದರ ಮಾತು. ದಶಾವತಾರದ ಸೆಟ್ಟು ಮಾತ್ರ ಗಂಭೀರವಾಯಿತು. ಸೆಟ್ಟು ಒಡೆಯಬಾರದೆಂಬ ಅಂಗಡಿಯವನ ವಾದವನ್ನು ಅದು ದಿನಾ ಕೇಳುತ್ತದೆ. ಹತ್ತರಲ್ಲಿ ವಾಮನನೊಬ್ಬ ಕಳೆದುಹೋದರೆ ಉಳಿದ ಒಂಬತ್ತಕ್ಕೂ ಬೆಲೆ ಬೀಳುತ್ತದೆ.

ಇನ್ನು ಮನುಷ್ಯಪ್ರೇಕ್ಷಕರು. ಜೆಸ್ಸಿ ಎಂಬ ಹುಡುಗಿ-ಬೊಂಬೆಯನ್ನು ಅವಳ ಒಡತಿ ಬೆಳೆದು ದೊಡ್ಡವಳಾಗಿ ರಸ್ತೆಬದಿ ಬಿಟ್ಟುಹೋಗುವ ಹಾಡಿಗೆ ಅಳದ ತಾಯಂದಿರಿಲ್ಲ. ಗಾಜಿನ ಸೆರೆಗಿಂತ ಮಗುವಿನ ಕೈಯೇ ಮೇಲು ಎಂಬ ವುಡಿಯ ತೀರ್ಮಾನಕ್ಕೆ ಚಪ್ಪಾಳೆ ತಟ್ಟದ ತಂದೆಯರಿಲ್ಲ. ಇವರೇ ಮರುದಿನ ವಿಜಯವಾಡದ ಕನಕದುರ್ಗೆಯ ದರ್ಶನ ಮುಗಿಸಿ, ಕೊಂಡಪಲ್ಲಿಗೆ ಹೋಗಿ, ಚೌಕಾಸಿ ಮಾಡಿ ಅಂಬಾರಿ ಆನೆ ಕೊಂಡು, ಬೆಂಗಳೂರಿಗೆ ತಂದು ನಡುಮನೆಯ ಶೋಕೇಸಿನಲ್ಲಿಟ್ಟು ಬೀಗ ಹಾಕುತ್ತಾರೆ. ಮಗು ಕೈ ಚಾಚಿದರೆ 'ಮುಟ್ಟಬೇಡ, ಬಣ್ಣ ಹೋಗತ್ತೆ, ಬೇಕಾದ್ರೆ ನಿನ್ನ ಪ್ಲಾಸ್ಟಿಕ್ ರಾಕೆಟ್ ತಗೋ.' ಪೀಟ್ ಚಿತ್ರದಲ್ಲಿ ಸೋತವನು. ನಮ್ಮ ಮನೆಗಳಲ್ಲಿ ಅವನದೇ ರಾಜ್ಯ, ರಾಕೆಟ್ಟಿನ ಸಮೇತ. ದ್ವಿತೀಯಭಾಗದ ಬಗ್ಗೆ ದೊಡ್ಡವರ ಅಭಿಪ್ರಾಯಕ್ಕೆ ಎಷ್ಟು ತೂಕ ಕೊಡಬೇಕೆಂಬುದನ್ನು ಶೋಕೇಸಿನ ಬೀಗದ ಕೈ ಯಾರ ಹತ್ತಿರ ಇದೆ ಎಂಬುದರಿಂದ ತಿಳಿಯಬೇಕು.

ಸೂತ್ರಕ್ಕೆ ಒಂದು ಅಪವಾದ ಸಿಗುತ್ತದೆ, ಅದನ್ನು ಹಿಂದಿನ ಭಾಷ್ಯಕಾರರು ಗಮನಿಸಿದಂತಿಲ್ಲ. 'ಟಾಯ್ ಸ್ಟೋರಿ 2' ಮೊದಲು ಚಿತ್ರಮಂದಿರಕ್ಕಲ್ಲ, ಮನೆಯ ವಿಡಿಯೋಗೆಂದು ಶುರುವಾದದ್ದು. 1998ರಲ್ಲಿ ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಗೆ ಕಂಪ್ಯೂಟರಿನಿಂದ ಚಿತ್ರದ ಬಹುಪಾಲು ಅಳಿಸಿಹೋಯಿತು. ಇಟ್ಟಿದ್ದ ಬ್ಯಾಕಪ್ಪೂ ಕೆಟ್ಟಿತ್ತು. ಕೂಸು ಹುಟ್ಟಿದ ಮೇಲೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸುಸ್ಮನ್ ಅವರ ಕಂಪ್ಯೂಟರಿನಲ್ಲಿ ಪ್ರತಿ ಸಿಕ್ಕಿ ಚಿತ್ರ ಉಳಿಯಿತು. ಉಳಿದದ್ದನ್ನು ಹಿರಿಯರು ನೋಡಿ, ಇದು ಸಾಲದೆಂದು ಬಹುಪಾಲು ಬದಿಗಿಟ್ಟು, ಸುಮಾರು ಒಂಬತ್ತು ತಿಂಗಳಲ್ಲಿ ಹೊಸದಾಗಿ ಮಾಡಿದರು. ಅಂದರೆ ಎರಡನೆಯದಕ್ಕೂ ಒಂದು ಮೊದಲನೆಯದು ಇತ್ತು. ಸೂತ್ರದ ಪ್ರಕಾರ ಅದೇ ಚೆನ್ನಾಗಿರಬೇಕು. ಆದರೆ ಹಾಗೆಂದು ಯಾರೂ ಹೇಳುತ್ತಿಲ್ಲ, ಯಾಕೆಂದರೆ ಪ್ರೇಕ್ಷಕರಲ್ಲಿ ಯಾರೂ ಅದನ್ನು ನೋಡಿಲ್ಲ. ಮಿಕ್ಕೆಲ್ಲ ಕಡೆ ಅಭಿಪ್ರಾಯಕ್ಕೆ ಅಡ್ಡಿಯಾಗದ ಅನುಪಲಬ್ಧಿ ಇಲ್ಲಿ ಮಾತ್ರ ಅಡ್ಡಿಯಾದದ್ದು ಏಕೆಂಬುದು ಪಂಡಿತರು ಕೂತು ಬಗೆಹರಿಸಬೇಕಾದ ಗಂಟು.

ಇಲ್ಲಿ ಕನ್ನಡ ಓದುಗರಿಗಾಗಿ ಒಂದು ಐತಿಹಾಸಿಕ ಪ್ರಕರಣ. ಸರಣಿ ಚಿತ್ರ ತೆಗೆಯುವ ವಿದ್ಯೆಯನ್ನು ನಾವು ಹೊರಗಿನಿಂದ ಕಲಿತವರಲ್ಲ. ಕೃಷ್ಣದೇವರಾಯನ ಗಜಪತಿ ದಂಡಯಾತ್ರೆ ಭಾಗ ಭಾಗವಾಗಿ ಬಿಡುಗಡೆಯಾದದ್ದು: 1514ರಲ್ಲಿ ಉದಯಗಿರಿ, 1515ರಲ್ಲಿ ಕೊಂಡವೀಡು, ಅದರ ಬೆನ್ನಿಗೆ ಕೊಂಡಪಲ್ಲಿಯ ಕೋಟೆ, ಮುಂದೆ 1516ರಲ್ಲಿ ವಿಶಾಖಪಟ್ಟಣದ ಪಕ್ಕದ ಸಿಂಹಾಚಲದವರೆಗೆ. ಹಂಪಿಯ ಪ್ರೇಕ್ಷಕರ ಅಭಿಪ್ರಾಯ ಕಲ್ಲಿನಲ್ಲೇ ಉಳಿದಿದೆ. ಮೊದಲ ಭಾಗದ ನೆನಪಿಗೆ ಉದಯಗಿರಿಯ ಬಾಲಕೃಷ್ಣನನ್ನು ತಂದು ಭವ್ಯವಾದ ಗುಡಿ ಕಟ್ಟಿದರು; ಮೂರನೆಯ ಭಾಗವಾದ ಕೊಂಡಪಲ್ಲಿಯ ಹೆಸರಿನಲ್ಲಿ ಅಂಥ ಗುಡಿಯೊಂದು ಹಂಪಿಯಲ್ಲಿಲ್ಲ. ಮೊದಲನೆಯದೇ ಚೆನ್ನಾಗಿತ್ತು ಎಂಬುದಕ್ಕೆ ಇದಕ್ಕಿಂತ ಪ್ರಾಚೀನ ಆಧಾರ ಬೇಕೆ? ಆ ಬಾಲಕೃಷ್ಣನಾದರೂ ಗುಡಿಯಲ್ಲಿ ಉಳಿದನೇ ಎಂದರೆ, ಇಲ್ಲ, ಈಗ ಚೆನ್ನೈನ ಮ್ಯೂಸಿಯಂನಲ್ಲಿದ್ದಾನೆ. ಪೀಟ್ ಕೇಳಿದರೆ ಗಡ್ಡ ಸವರಿಕೊಂಡಾನು.

ಬಾಲಪ್ರೇಕ್ಷಕರ ಮತವನ್ನು ಬೇಗ ಮುಗಿಸಬಹುದು, ಅದು ಚಿಕ್ಕದು: 'ಇನ್ನೊಂದ್ ಸಲ ಹಾಕು.' ಒಂದು, ಎರಡು ಎಂಬ ತಾರತಮ್ಯ ಅವರಿಗಿಲ್ಲ. ಎಷ್ಟೋ ಮಕ್ಕಳು ಎರಡನೆಯದನ್ನೇ ಮೊದಲು ನೋಡಿರುತ್ತಾರೆ. ಅವರು ಎತ್ತಿದ ತಾತ್ತ್ವಿಕ ಪ್ರಶ್ನೆ ಒಂದೇ: ಬೊಂಬೆಗಳೆಲ್ಲ ಮಾತಾಡುತ್ತವೆ, ವುಡಿಯ ಕುದುರೆ ಮಾತ್ರ ಯಾಕೆ ಮಾತಾಡುವುದಿಲ್ಲ? ವಿಮರ್ಶಕರಲ್ಲಿ ಯಾರೂ ಉತ್ತರಿಸಿಲ್ಲ. ನಮ್ಮಲ್ಲೂ ಉತ್ತರವಿಲ್ಲ.

ಮುಂದಿನ ಕಾಲದ ಅಭಿಪ್ರಾಯಗಳನ್ನೂ ಸ್ಥೂಲವಾಗಿ ನಿರ್ಣಯಿಸಿಡುವುದು ಒಳ್ಳೆಯದು, ಯಾಕೆಂದರೆ ಚಿತ್ರಗಳ ಪಟ್ಟಿ ಬಂದಾಗಿದೆ. 2025ರ ಜುಲೈಯಲ್ಲಿ ನಮ್ಮ ಹೊಂಬಾಳೆಯವರು ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ 'ಮಹಾವತಾರ ನರಸಿಂಹ' ಕನ್ನಡ, ತೆಲುಗು ಸೇರಿ ಐದು ಭಾಷೆಗಳಲ್ಲಿ ಬಂದು 300 ಕೋಟಿ ರೂಪಾಯಿ ದಾಟಿತು. ಅದರಲ್ಲಿ ವರಾಹನೂ ಇದ್ದಾನೆ, ನರಸಿಂಹನೂ ಇದ್ದಾನೆ. ಒಂದೇ ಟಿಕೆಟ್ಟಿಗೆ ಎರಡು ಅವತಾರ ಹೇಗೆ ಎಂದು ಕೆಲವರು ಬೆರಗಾದರು. ಸಿಂಹಾಚಲದವರು ಬೆರಗಾಗಲಿಲ್ಲ. ಅಲ್ಲಿನ ದೇವರೇ ವರಾಹ-ನರಸಿಂಹ, ಎರಡೂ ಒಂದೇ ಮೂರ್ತಿಯಲ್ಲಿ. ಅದೂ ವರ್ಷವಿಡೀ ಗಂಧದ ಲೇಪದೊಳಗಿದ್ದು, ಅಕ್ಷಯ ತೃತೀಯದ ದಿನ ಮಾತ್ರ ನಿಜರೂಪದಲ್ಲಿ ಕಾಣುವುದು. ವರ್ಷಕ್ಕೆ ಒಂದೇ ದಿನದ ಪ್ರದರ್ಶನ, ಆದರೂ ಜನ ತುಂಬಿ ತುಳುಕುತ್ತಾರೆ. ಮೊದಲ ಸಲದಷ್ಟು ಚೆನ್ನಾಗಿರಲಿಲ್ಲ ಎಂದು ಬೆಟ್ಟ ಇಳಿದವರುಂಟೆ?

ಈ ಸರಣಿಗೆ ನಿರ್ಮಾಪಕರು ಪ್ರಕಟಿಸಿದ ಪಟ್ಟಿಯಂತೆ 2027ಕ್ಕೆ ಪರಶುರಾಮ, 2029ಕ್ಕೆ ರಘುನಂದನ, 2031ಕ್ಕೆ ದ್ವಾರಕಾಧೀಶ, 2033ಕ್ಕೆ ಗೋಕುಲಾನಂದ, 2035 ಮತ್ತು 2037ಕ್ಕೆ ಕಲ್ಕಿ, ಎರಡು ಭಾಗದಲ್ಲಿ. ಐದನೆಯ ವಯಸ್ಸಿನಲ್ಲಿ ಅಪ್ಪನ ತೊಡೆಯೇರಿ ನರಸಿಂಹನನ್ನು ನೋಡಿದ ಹುಡುಗನಿಗೆ ಕಲ್ಕಿಯ ಕೊನೆಯ ಭಾಗ ಬರುವಾಗ ಹದಿನೇಳು. ಮೀಸೆ ಚಿಗುರಿರುತ್ತದೆ, ಅಪ್ಪನ ಪಕ್ಕದ ಸೀಟೂ ಬೇಡವಾಗಿರುತ್ತದೆ. ಸೂತ್ರ ಅಪ್ಪನಿಂದ ಮಗನಿಗೆ ಹಸ್ತಾಂತರವಾಗುವುದು ಆ ಸುಮಾರಿಗೆ ಎಂದು ನಮ್ಮ ಗಣನೆ.

ಪಟ್ಟಿಯ ಕ್ರಮದಲ್ಲಿ ಒಂದು ಸೋಜಿಗವಿದೆ. ಕೃಷ್ಣ 2031ರಲ್ಲಿ ದ್ವಾರಕೆಯ ದೊರೆಯಾಗಿ, ಎರಡು ವರ್ಷದ ಬಳಿಕ ಗೋಕುಲಕ್ಕೆ ಬಂದು ಬೆಣ್ಣೆ ಕದಿಯುತ್ತಾನೆ. ಮೊದಲನೆಯದು ಎರಡನೆಯದಾಗಿ, ಎರಡನೆಯದು ಮೊದಲನೆಯದಾಗಿ ಬಂದರೆ ಸೂತ್ರವನ್ನು ಯಾವುದಕ್ಕೆ ಅನ್ವಯಿಸುವುದು? ಶಾಸ್ತ್ರ ಮೌನವಾಗಿದೆ. ಬೊಂಬೆ ಕೂರಿಸುವ ಮನೆಗಳಲ್ಲಿ ಮಾತ್ರ, ಇಲ್ಲಿ ದಸರೆಗೆ, ಅತ್ತ ಆಂಧ್ರದಲ್ಲಿ ಸಂಕ್ರಾಂತಿಗೆ, ಈ ತೊಡಕು ಎಂದೋ ಪರಿಹಾರವಾಗಿದೆ. ಅಜ್ಜಿ ಮೆಟ್ಟಿಲ ಮುಂದೆ ನಿಂತು ಎತ್ತರ ನೋಡುತ್ತಾರೆ. ಗಿಡ್ಡದ್ದು ಮುಂದೆ, ಉದ್ದದ್ದು ಹಿಂದೆ. ಬೆಣ್ಣೆಕೃಷ್ಣ ಕೆಳಗಿನ ಮೆಟ್ಟಿಲಿಗೆ, ಗೀತೋಪದೇಶದ ರಥ ಅಗಲವಾದ್ದರಿಂದ ಮೂಲೆಗೆ, ಕಲ್ಕಿಯ ಕುದುರೆ ಮುಂಗಾಲೆತ್ತಿರುವುದರಿಂದ ಮತ್ಸ್ಯನಿಗೂ ಹಿಂದಿನ ಸಾಲಿಗೆ. ಅಂಬಾರಿ ಆನೆ ಶೋಕೇಸಿನಿಂದ ಇಳಿದು ಬಂದರೆ ಅದಕ್ಕೂ ಜಾಗವಿದೆ, ಸೊಂಡಿಲು ಯಾರಿಗೂ ತಾಗದಿದ್ದರೆ.