ಡಾಕ್ಟರು ಏನಂದ್ರು?

ಕಾಯಿಲೆ ಬೀಳುವುದೇ ಆದರೆ ಹೆಸರಿರುವ ಕಾಯಿಲೆ ಬೀಳಬೇಕು. ಡೆಂಗಿ ಎಂದರೆ ಸಾಕು, ಎದುರುಮನೆಯವರು ಪಪ್ಪಾಯಿ ಎಲೆಯ ರಸ ಹಿಡಿದು ಬರುತ್ತಾರೆ. ಬಂದವರೆಲ್ಲ ಕ್ರಿಕೆಟ್ ಸ್ಕೋರು ಕೇಳಿದಂತೆ ಪ್ಲೇಟ್‌ಲೆಟ್ ಎಷ್ಟಾಯಿತು ಎಂದು ಕೇಳುತ್ತಾರೆ. ರಜೆ ತಕರಾರಿಲ್ಲದೆ ಮಂಜೂರಾಗುತ್ತದೆ. ಸಂಜೆಯಾದರೆ ಮೈ ಬೆಚ್ಚಗಾಗಿ, ಕೀಲುಗಳು ನೊಂದು, ಎರಡು ಮೆಟ್ಟಿಲಿಗೇ ಏದುಸಿರು ಬಿಡುವ ನನ್ನಂಥವನ ಪಾಡೇ ಬೇರೆ. "ಡಾಕ್ಟರು ಏನಂದ್ರು?" ಎಂದವರಿಗೆ "ಏನೂ ಗೊತ್ತಾಗ್ತಿಲ್ಲ ಅಂದ್ರು" ಎಂದರೆ ಮುಖದ ಮೇಲಿದ್ದ ಅನುಕಂಪ ಇಳಿದು ಅಲ್ಲಿ ಅನುಮಾನ ಬಂದು ಕೂರುತ್ತದೆ.

ಹಾಗಂತ ಹೆಸರಿಡುವವರಿಗೆ ಬರವಿಲ್ಲ. ಚಿಕ್ಕಮ್ಮನ ಪ್ರಕಾರ ಇದು ಪಿತ್ತ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಪ್ರಕಾರ ಬಿ-12 ಕೊರತೆ. ಜಾತಕ ನೋಡಿದವರು ಸಾಡೇಸಾತಿ ಎಂದರು. ನಾನು ಯಾರ ಮನಸ್ಸನ್ನೂ ನೋಯಿಸಲಿಲ್ಲ. ಕಷಾಯಕ್ಕೆ ಕಿತ್ತು ಕಿತ್ತು ಹಿತ್ತಲಿನ ಅಮೃತಬಳ್ಳಿ ಬೋಳಾಯಿತು, ಶನಿವಾರದ ಎಳ್ಳೆಣ್ಣೆ ದೀಪವೂ ಉರಿಯಿತು. ಕಾಯಿಲೆ ಮಾತ್ರ ಯಾವ ಹೆಸರಿಗೂ ಓಗೊಡಲಿಲ್ಲ.

ಇನ್ನು ರಿಪೋರ್ಟಿನಲ್ಲಿ ಗೆರೆ ದಾಟಿದ ಅಂಕಿಗೆ ಲ್ಯಾಬಿನವರು ಹಾಕುವ ದಪ್ಪಕ್ಷರ. ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿಯ ಅಂಕಿಗಳು ಒಳಗೆ ಬರುವಂತೆ 'ನಾರ್ಮಲ್' ಗೆರೆ ಎಳೆಯುವುದು ವಾಡಿಕೆ. ಅಂದರೆ ಗಟ್ಟಿಮುಟ್ಟಾಗಿರುವವರೂ ಇಪ್ಪತ್ತು ಪರೀಕ್ಷೆ ಮಾಡಿಸಿಕೊಂಡರೆ ಒಂದಾದರೂ ಗೆರೆ ದಾಟುವ ಸಂಭವವೇ ಹೆಚ್ಚು. ಪ್ಯಾಕೇಜಿನಲ್ಲಿ ಎಪ್ಪತ್ತು ಪರೀಕ್ಷೆ ಕೊಟ್ಟರೆ ದಪ್ಪಕ್ಷರದ ಸುಗ್ಗಿ. ಟೈಫಾಯ್ಡ್ ಹುಡುಕುವ ವಿಡಾಲ್ ಪರೀಕ್ಷೆಯಂತೂ 1896ರಷ್ಟು ಹಳೆಯದು. ಟೈಫಾಯ್ಡ್ ಸಾಮಾನ್ಯವಾಗಿರುವ ನಮ್ಮಂಥ ಕಡೆ, ಎಂದೋ ಬಂದುಹೋದ ಸೋಂಕಿಗೂ ಅದು ಇಂದು ಸಾಕ್ಷಿ ಹೇಳಿಬಿಡಬಲ್ಲದು. ನನಗೂ ಹೇಳಿತು, ಆಂಟಿಬಯೋಟಿಕ್ ಕೋರ್ಸು ಮುಗಿಯಿತು, ಜ್ವರ ಮುಗಿಯಲಿಲ್ಲ.

ಮೂಲ ತಿಳಿಯದ ಜ್ವರಕ್ಕೂ ಶಾಸ್ತ್ರವುಂಟು. 1961ರಲ್ಲಿ ಪೀಟರ್ಸ್‌ಡಾರ್ಫ್ ಮತ್ತು ಬೀಸನ್ ಎಂಬ ಅಮೆರಿಕದ ವೈದ್ಯರು ಇಂಥ ನೂರು ರೋಗಿಗಳನ್ನು ಅಭ್ಯಾಸ ಮಾಡಿ ನಿಯಮ ಬರೆದರು: ಜ್ವರ ಮತ್ತೆ ಮತ್ತೆ 101 ಡಿಗ್ರಿ ದಾಟಬೇಕು, ಮೂರು ವಾರ ಮೀರಬೇಕು, ಆಸ್ಪತ್ರೆಯಲ್ಲಿ ಒಂದು ವಾರ ಹುಡುಕಿದರೂ ಕಾರಣ ಸಿಗಬಾರದು. ನನ್ನದು 99.8ಕ್ಕೆ ನಿಂತುಬಿಡುತ್ತದೆ. ಗೊತ್ತಿಲ್ಲದ ಜ್ವರಗಳ ಪಟ್ಟಿಯಲ್ಲೂ ನನಗೆ ಸೀಟು ಸಿಗಲಿಲ್ಲ.

ಹೀಗೆ ನಗುವಾಗ ಸಾಗರ ತಾಲ್ಲೂಕಿನ ಹಂದಿಗೋಡು ನೆನಪಾಗಿ ನಗು ನಿಲ್ಲುತ್ತದೆ. 1970ರ ದಶಕದ ನಡುವೆ ಅಲ್ಲಿನ ಬಡ ಕೂಲಿಕಾರರ ಸೊಂಟ, ಮಂಡಿ ಹಿಡಿದುಕೊಳ್ಳತೊಡಗಿದವು, ಕೆಲವರು ತೆವಳುವಂತಾದರು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಶಂಕೆ ಮೊದಲು ಬಂತು. ಮುಂದಿನ ಅಧ್ಯಯನಗಳು ವಂಶವಾಹಿಯತ್ತ ಬೆರಳು ಮಾಡಿದವು. ಕಡೆಗೆ ಕಾಯಿಲೆಗೆ ಊರಿನ ಹೆಸರೇ ಉಳಿಯಿತು. ಹೆಸರು ಬಂದದ್ದರಿಂದ ಯಾರ ಸೊಂಟವೂ ನೆಟ್ಟಗಾಗಲಿಲ್ಲ.

ನನ್ನ ಈಗಿನ ಡಾಕ್ಟರು ಫೈಲನ್ನು ಪೂರ್ತಿ ಓದಿ, "ಏನು ಅಂತ ಗೊತ್ತಾಗ್ತಿಲ್ಲ. ಹೆದರುವಂಥದ್ದು ಯಾವುದೂ ಅಲ್ಲ ಅಂತ ಗೊತ್ತಾಗಿದೆ. ತೂಕ ಇಳಿದರೆ, ರಾತ್ರಿ ಬೆವರಿದರೆ ತಕ್ಷಣ ಬನ್ನಿ, ಇಲ್ಲದಿದ್ದರೆ ಮೂರು ತಿಂಗಳು ಬಿಟ್ಟು ಬನ್ನಿ" ಎಂದರು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಗೊತ್ತಿಲ್ಲವೆಂದು ಬಾಯಿಬಿಟ್ಟು ಹೇಳುವ ವೈದ್ಯರಿಗೆ ಫೀಸು ಕೊಡಲು ನನಗೆ ಬೇಸರವಿಲ್ಲ.

ನೋಡಲು ಬರುವವರಲ್ಲಿ ಒಂದು ಅರಿಕೆ. ಖಂಡಿತ ಬನ್ನಿ, ಹೊಸ ಹೆಸರು ಮಾತ್ರ ತರಬೇಡಿ. ಆದಷ್ಟು ಐದು ಗಂಟೆಯೊಳಗೆ ಬನ್ನಿ; ಆಮೇಲೆ ನನಗೆ ಜ್ವರ ಬರುವ ಹೊತ್ತು.